ಫ್ಲೂ ಲಸಿಕೆ ಬೇಕೇ, ಬೇಡವೇ? ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ಕೂತು ತೀರ್ಮಾನಿಸುವ ಬಗೆ

ಜೂನ್ ಕಳೆದು ಜುಲೈ ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಮನೆಮಂದಿಗೆಲ್ಲ ಜ್ವರ ಕಣ್ರೀ, ವೈರಲ್ ಅಂತೆ." ಫ್ಲೂ ಲಸಿಕೆ ನೆನಪಾಗುವುದೇ ಆಗ. ಆದರೆ ಲಸಿಕೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಪಕ್ಕದ ಮನೆಯವರು ಕೆಮ್ಮಲು ಶುರು ಮಾಡಿದ ಮೇಲೆ ಯೋಚನೆ ಮಾಡಿದರೆ ಅರ್ಧ ಲಾಭ ಕೈತಪ್ಪಿರುತ್ತದೆ.

ಹಾಗಾಗಿ ಇದು ಏಪ್ರಿಲ್‌ನಲ್ಲಿ ಮಾಡಬೇಕಾದ ತೀರ್ಮಾನ. "ಫ್ಲೂ ಲಸಿಕೆ ಒಳ್ಳೆಯದಾ?" ಅಂತ ಕೇಳುತ್ತಾ ಹೋದರೆ ವಾದ ಮುಗಿಯುವುದೇ ಇಲ್ಲ. ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ: "ನಮ್ಮ ಮನೆಯಲ್ಲಿ ಯಾರಿಗೆ ಫ್ಲೂ ಬಂದರೆ ಆಸ್ಪತ್ರೆ ಸೇರಬೇಕಾಗಬಹುದು?" ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಯಾವ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಮೊದಲು ಖಚಿತ ಮಾಡಿಕೊಳ್ಳಿ

ಮೂಗು ಸೋರುವುದು, ನಾಲ್ಕು ಸೀನು, ಗಂಟಲು ಕೆರೆತ ಇವೆಲ್ಲ ನೆಗಡಿ. ನೆಗಡಿ ತರುವ ವೈರಸ್‌ಗಳು ಹತ್ತಾರು ಬಗೆ. ಅವುಗಳಿಗೂ ಈ ಲಸಿಕೆಗೂ ಸಂಬಂಧವಿಲ್ಲ.

ಫ್ಲೂ ಬೇರೆ. ಬೆಳಿಗ್ಗೆ ಚೆನ್ನಾಗಿಯೇ ಕೆಲಸಕ್ಕೆ ಹೋದವರು ಸಂಜೆ ಚಳಿ ಹತ್ತಿ ಹೊದ್ದು ಮಲಗುತ್ತಾರೆ. ಜ್ವರ ಏರುತ್ತದೆ, ಮೈಕೈ ಎಲ್ಲ ಹೊಡೆದು ಹಾಕಿದ ಹಾಗೆ ನೋಯುತ್ತದೆ, ಒಣಕೆಮ್ಮು, ತಲೆನೋವು. ಜ್ವರ ಇಳಿದ ಮೇಲೂ ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಇದನ್ನು ತರುವುದು ಇನ್‌ಫ್ಲುಯೆಂಜಾ ವೈರಸ್. ಜನರಲ್ಲಿ ಪ್ರತಿ ವರ್ಷ ಓಡಾಡುವುದು ಮುಖ್ಯವಾಗಿ ಎ ಗುಂಪಿನ ಎಚ್1ಎನ್1, ಎಚ್3ಎನ್2 ಮತ್ತು ಬಿ ಗುಂಪಿನದು. 2009ರಲ್ಲಿ ನಾವೆಲ್ಲ ಹೆದರಿ ಮಾಸ್ಕ್ ಹಾಕಿಕೊಂಡ 'ಹಂದಿಜ್ವರ' ನೆನಪಿದೆಯಲ್ಲ, ಅದೇ ಎಚ್1ಎನ್1 ಈಗ ಮಾಮೂಲಿ ಸೀಸನ್ ಫ್ಲೂ ಆಗಿ ವರ್ಷ ವರ್ಷ ಬರುತ್ತಿದೆ. ಲಸಿಕೆಯಲ್ಲಿ ಅದಕ್ಕೂ ರಕ್ಷಣೆ ಇದೆ.

ನಮ್ಮ ಮಳೆಗಾಲದಲ್ಲಿ ಇನ್ನೊಂದು ತೊಡಕು. ಅದೇ ತಿಂಗಳುಗಳಲ್ಲಿ ಡೆಂಗಿ ಇರುತ್ತದೆ, ಟೈಫಾಯಿಡ್ ಇರುತ್ತದೆ, ಗದ್ದೆ ಕೆಲಸದವರಲ್ಲಿ ಇಲಿಜ್ವರ ಇರುತ್ತದೆ. ಫ್ಲೂ ಲಸಿಕೆ ಇವು ಯಾವುದನ್ನೂ ತಡೆಯುವುದಿಲ್ಲ. "ಹೋದ ವರ್ಷ ಹಾಕಿಸಿಕೊಂಡೆ, ಆದರೂ ಜ್ವರ ಬಂತು" ಅನ್ನುವವರಲ್ಲಿ ಎಷ್ಟೋ ಜನಕ್ಕೆ ಬಂದಿದ್ದು ಫ್ಲೂ ಆಗಿರುವುದೇ ಇಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ, ಮುಂದಿನ ವರ್ಷ ಜಗಳ ತಪ್ಪುತ್ತದೆ.

ಹಂತ 2: ಮನೆಯವರ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಒಬ್ಬೊಬ್ಬರ ಹೆಸರು, ವಯಸ್ಸು, ದಿನಾ ತೆಗೆದುಕೊಳ್ಳುವ ಮಾತ್ರೆ ಬರೆಯಿರಿ. ಈ ಮಾತ್ರೆಯ ಕಾಲಂ ಬಹಳ ಮುಖ್ಯ. "ನಂಗೇನೂ ಕಾಯಿಲೆ ಇಲ್ಲಪ್ಪ" ಅನ್ನುವ ಅಪ್ಪನ ಡಬ್ಬಿಯಲ್ಲಿ ಶುಗರ್ ಮಾತ್ರೆ, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಮೂರೂ ಇರುತ್ತವೆ. ಹತ್ತು ವರ್ಷದಿಂದ ನುಂಗುತ್ತಿರುವುದರಿಂದ ಅವರಿಗೆ ಅದು ಕಾಯಿಲೆ ಅಂತಲೇ ಅನ್ನಿಸುವುದಿಲ್ಲ.

ಉದಾಹರಣೆಗೆ ಮೈಸೂರಿನ ಒಂದು ಮನೆ ಅಂದುಕೊಳ್ಳಿ. ಅಜ್ಜನಿಗೆ 72, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಅಜ್ಜಿಗೆ 66, ಸಕ್ಕರೆ ಕಾಯಿಲೆ. ಮಗನಿಗೆ 36, ಗಟ್ಟಿಮುಟ್ಟಾಗಿದ್ದಾನೆ. ಸೊಸೆ ಐದು ತಿಂಗಳ ಗರ್ಭಿಣಿ. ಮೊಮ್ಮಗಳಿಗೆ ನಾಲ್ಕು ವರ್ಷ, ಜೂನ್‌ನಲ್ಲಿ ಎಲ್‌ಕೆಜಿ ಸೇರುತ್ತಾಳೆ.

ಮೊದಲು ಅಜ್ಜ. ಫ್ಲೂ ಬರೀ ಶ್ವಾಸಕೋಶದ ಕಾಯಿಲೆ ಅಂತ ನಾವು ತಿಳಿದಿದ್ದೇವೆ. ಆದರೆ 2018ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಇತ್ತು. ಜ್ವರದ ಹೊತ್ತಿನಲ್ಲಿ ಮೈಯಲ್ಲಿ ಉರಿಯೂತ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಮೊದಲೇ ಕಿರಿದಾಗಿರುವ ರಕ್ತನಾಳ ಇದನ್ನು ತಡೆದುಕೊಳ್ಳದು. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಹಾರ್ಟ್ ಫೇಲ್ಯೂರ್‌ಗೆ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಇರಲಿ. ನಮ್ಮಲ್ಲಿ ಈ ವಿಷಯ ಯಾರೂ ಸರಿಯಾಗಿ ಹೇಳುವುದೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಅಜ್ಜಿಗೆ ಎರಡು ಕಾರಣ: ವಯಸ್ಸು 65 ದಾಟಿದೆ, ಸಕ್ಕರೆ ಕಾಯಿಲೆ ಇದೆ. ಜ್ವರ ಬಂದಾಗ ಶುಗರ್ ಹತೋಟಿ ತಪ್ಪುತ್ತದೆ, ಫ್ಲೂ ಹಿಂದೆಯೇ ನ್ಯುಮೋನಿಯಾ ಬರುವ ಅಪಾಯ ಹೆಚ್ಚು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ದೇಶದೆಲ್ಲೆಡೆ ಸುದ್ದಿಯಾಗಿತ್ತಲ್ಲ, ಆಗ ಹಾಸನ ಜಿಲ್ಲೆಯಲ್ಲಿ ತೀರಿಕೊಂಡವರೂ 80 ದಾಟಿದ ಹಿರಿಯರು. ಮೊದಲೇ ಶುಗರ್, ಬಿಪಿ ಇದ್ದವರು. ಉಬ್ಬಸ, ದಮ್ಮು, ಡಯಾಲಿಸಿಸ್, ಕಿಡ್ನಿ ಕಸಿ, ಲಿವರ್ ತೊಂದರೆ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ದಿನಾ ಸ್ಟೆರಾಯ್ಡ್ ನುಂಗುವವರು ಎಲ್ಲರೂ ಇದೇ ಸಾಲಿಗೆ ಸೇರುತ್ತಾರೆ.

ಸೊಸೆಯ ವಿಷಯದಲ್ಲಿ ಮನೆಯವರಿಗೆ ಹಿಂಜರಿಕೆ ಜಾಸ್ತಿ. "ಬಸುರಿ ಹೆಂಗಸಿಗೆ ಇಲ್ಲದ ಸೂಜಿ ಯಾಕೆ?" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಪ್ರಸೂತಿ ತಜ್ಞರ ಒಕ್ಕೂಟವೂ ಗರ್ಭಿಣಿಯರಿಗೆ ಇದನ್ನು ಹಾಕಿಸಿ ಅಂತಲೇ ಹೇಳುತ್ತವೆ. ಬಸುರಿಯಾಗಿದ್ದಾಗ ತಾಯಿಯ ಶ್ವಾಸಕೋಶ, ಹೃದಯ ಎರಡರ ಮೇಲೂ ಹೊರೆ ಇರುವುದರಿಂದ ಫ್ಲೂ ಬಂದರೆ ತೀವ್ರವಾಗುತ್ತದೆ. ಇನ್ನೊಂದು ಲಾಭವೂ ಇದೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ತಾಯಿ ಬಸುರಿಯಲ್ಲಿ ಹಾಕಿಸಿಕೊಂಡರೆ ಅವಳ ರಕ್ಷಣೆಯ ಒಂದು ಪಾಲು ಮಗುವಿಗೂ ದಾಟುತ್ತದೆ. ಎಷ್ಟನೇ ತಿಂಗಳಾದರೂ ಸರಿ, ಚುಚ್ಚುಮದ್ದನ್ನೇ ಕೊಡಬೇಕು. ಮೂಗಿಗೆ ಸಿಂಪಡಿಸುವ ಲಸಿಕೆ ಒಂದಿದೆ, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅದು ಬೇಡ.

ನಾಲ್ಕು ವರ್ಷದ ಮೊಮ್ಮಗಳು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪ್ರತಿ ವರ್ಷ ಕೊಡಿಸಿ ಅನ್ನುವುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ. ಒಂಬತ್ತು ವರ್ಷದೊಳಗಿನ ಮಗು ಮೊದಲ ಸಲ ತೆಗೆದುಕೊಳ್ಳುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಮರುವರ್ಷದಿಂದ ಒಂದೇ ಸಾಕು. ಎರಡನೇ ಡೋಸ್ ಮರೆಯುವ ಮನೆಗಳೇ ಜಾಸ್ತಿ. ಮೊದಲನೆಯದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಕೊನೆಗೆ ಮಗ. 36ರ ಆರೋಗ್ಯವಂತನಿಗೆ ಫ್ಲೂ ಬಂದರೆ ಸಾಮಾನ್ಯವಾಗಿ ಐದಾರು ದಿನ ಮಲಗಿ ಎದ್ದೇಳುತ್ತಾನೆ. ಅವನಿಗೋಸ್ಕರ ಅಂತ ನೋಡಿದರೆ ಲಸಿಕೆ ಹಾಕಿಸಿದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು. ಆದರೆ ದಿನಾ ಬಸ್ಸು, ಆಫೀಸು ಸುತ್ತಿ ಮನೆಗೆ ವೈರಸ್ ತರುವವನು ಅವನೇ ಅಲ್ವಾ? ಮನೆಯಲ್ಲಿ ಕೀಮೋಥೆರಪಿ ತೆಗೆದುಕೊಳ್ಳುವವರೋ ಬಾಣಂತಿ-ಕೂಸೋ ಇದ್ದರೆ ಅವನ ತೋಳಿಗೂ ಒಂದು ಸೂಜಿ ಬೀಳಲಿ ಅನ್ನುವುದು ನನ್ನ ಅಭಿಪ್ರಾಯ. ನರ್ಸ್, ಲ್ಯಾಬ್ ಕೆಲಸದವರು, ಆಶಾ ಕಾರ್ಯಕರ್ತೆಯರು, ವೃದ್ಧರ ಆರೈಕೆ ಮಾಡುವವರು ವಯಸ್ಸು ಎಷ್ಟೇ ಇರಲಿ, ಹಾಕಿಸಿಕೊಳ್ಳುವುದೇ ಸರಿ.

ಹಂತ 3: ಎಷ್ಟು ನಿರೀಕ್ಷಿಸಬೇಕು ಅಂತ ತಿಳಿದಿರಲಿ

ಈ ಲಸಿಕೆ ಪೋಲಿಯೋ ಲಸಿಕೆಯ ಹಾಗೆ ಅಲ್ಲ. ಫ್ಲೂ ವೈರಸ್ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಜ್ಞರನ್ನು ಸೇರಿಸಿ, ಮುಂದೆ ಯಾವ ತಳಿ ಓಡಾಡಬಹುದು ಅಂತ ಅಂದಾಜು ಮಾಡುತ್ತದೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ತಯಾರಿಸಲು ಆರು ತಿಂಗಳಷ್ಟು ಹಿಡಿಯುವುದರಿಂದ ಅಷ್ಟು ಮುಂಚೆಯೇ ಹೇಳಬೇಕು. ಅಂದಾಜು ಸರಿಹೊಂದಿದ ವರ್ಷಗಳಲ್ಲಿ ಲಸಿಕೆ ಫ್ಲೂ ಆಗಿ ಡಾಕ್ಟರ ಹತ್ತಿರ ಹೋಗುವ ಸಂಭವವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದದ ವರ್ಷಗಳಲ್ಲಿ ಇನ್ನೂ ಕಡಿಮೆ. ವಯಸ್ಸಾದವರಲ್ಲಿ ಮೈ ಪ್ರತಿಕ್ರಿಯಿಸುವುದು ನಿಧಾನ, ಹಾಗಾಗಿ ಅವರಲ್ಲಿ ಫಲವೂ ಸ್ವಲ್ಪ ಕಮ್ಮಿ.

"ಅರ್ಧಂಬರ್ಧ ಕೆಲಸ ಮಾಡೋದಕ್ಕೆ ದುಡ್ಡು ಯಾಕೆ ಕೊಡಬೇಕು?" ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟೇ. ಲಸಿಕೆ ಹಾಕಿಸಿಕೊಂಡೂ ಫ್ಲೂ ಬಂದವರಲ್ಲಿ ಅದು ಸಾಮಾನ್ಯವಾಗಿ ಅಷ್ಟು ಉಲ್ಬಣಿಸುವುದಿಲ್ಲ. ಐಸಿಯು, ಆಕ್ಸಿಜನ್‌ವರೆಗೆ ಹೋಗುವ ಸಂಭವ ಕಡಿಮೆ. ಸ್ಟೆಂಟ್ ಇರುವ ಅಜ್ಜನ ಮಟ್ಟಿಗೆ ಬೇಕಾಗಿರುವುದು ಅದೇ. ಫ್ಲೂಗೆ ಸಂಬಂಧಿಸಿದ ಉಸಿರಾಟದ ತೊಂದರೆಯಿಂದ ಜಗತ್ತಿನಲ್ಲಿ ಪ್ರತಿ ವರ್ಷ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ದೊಡ್ಡ ಪಾಲು ವಯಸ್ಸಾದವರು, ಮೊದಲೇ ಕಾಯಿಲೆ ಇದ್ದವರು.

ರಕ್ಷಣೆ ಕೆಲವೇ ತಿಂಗಳಲ್ಲಿ ಕುಗ್ಗುತ್ತಾ ಬರುತ್ತದೆ. ಅದಕ್ಕೇ ಪ್ರತಿ ವರ್ಷ ಹೊಸದಾಗಿ ಹಾಕಿಸಬೇಕು. ಮೆಣಸು, ಜೀರಿಗೆ, ಶುಂಠಿ ಕಷಾಯ ಗಂಟಲಿಗೆ ಹಿತ, ಧಾರಾಳವಾಗಿ ಕುಡಿಯಿರಿ. ಆದರೆ ಫ್ಲೂ ಬರದಂತೆ ತಡೆಯುವ ಕೆಲಸ ಅದರದ್ದಲ್ಲ.

ಹಂತ 4: ಯಾರು ಬೇಡ ಅನ್ನಬೇಕು, ಯಾರು ತಡೆಯಬೇಕು

ಹಿಂದೆ ಫ್ಲೂ ಲಸಿಕೆ ಹಾಕಿಸಿಕೊಂಡಾಗ ಮುಖ ಊದಿ, ಉಸಿರು ಕಟ್ಟಿ, ಬಿಪಿ ಬಿದ್ದು ಎಮರ್ಜೆನ್ಸಿಗೆ ಓಡಬೇಕಾಗಿ ಬಂದಿದ್ದರೆ ಮತ್ತೆ ಹಾಕಿಸಬಾರದು. ಲಸಿಕೆಯಲ್ಲಿರುವ ಯಾವುದಾದರೂ ಅಂಶಕ್ಕೆ ಅಂಥ ತೀವ್ರ ಅಲರ್ಜಿ ಇದ್ದವರೂ ಅಷ್ಟೇ. ಕೆಲವು ಲಸಿಕೆಗಳಲ್ಲಿ ನಿಯೋಮೈಸಿನ್‌ನಂಥ ಆ್ಯಂಟಿಬಯಾಟಿಕ್‌ನ ಶೇಷ ಇರುತ್ತದೆ, ಆ ಅಲರ್ಜಿ ಇದ್ದರೆ ಡಾಕ್ಟರಿಗೆ ಹೇಳಿ.

ಹಿಂದಿನ ಫ್ಲೂ ಲಸಿಕೆಯಾದ ಆರು ವಾರದೊಳಗೆ ಗಿಲನ್-ಬಾರೆ ಅನ್ನುವ, ಕೈಕಾಲು ಸೋಲುವ ನರದ ಕಾಯಿಲೆ ಬಂದಿದ್ದವರು ನರರೋಗ ತಜ್ಞರನ್ನು ಕೇಳದೆ ಮುಂದೆ ಹೋಗಬಾರದು. ಈ ತೊಂದರೆ ಅತಿ ವಿರಳ, ಹತ್ತು ಲಕ್ಷ ಡೋಸ್‌ಗೆ ಹೆಚ್ಚೆಂದರೆ ಒಂದೋ ಎರಡೋ ಹೆಚ್ಚುವರಿ ಪ್ರಕರಣ. ಫ್ಲೂ ಜ್ವರದಿಂದಲೂ ಅದು ಬರಬಹುದು.

ಅವತ್ತೇ ಜೋರು ಜ್ವರ ಇದ್ದರೆ ಗುಣವಾಗುವವರೆಗೆ ತಡೆಯಿರಿ. ಬರೀ ನೆಗಡಿ ಇದ್ದರೆ ಮುಂದೂಡಬೇಕಿಲ್ಲ. ಕೀಮೋ ನಡೆಯುತ್ತಿದ್ದರೆ ಯಾವ ವಾರ ಹಾಕಿಸಬೇಕು ಅನ್ನುವುದನ್ನು ನಿಮ್ಮ ಕ್ಯಾನ್ಸರ್ ತಜ್ಞರೇ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೂಜಿಗೆ ಮುಂಚೆಯೇ ನರ್ಸ್‌ಗೆ ತಿಳಿಸಲಿ. ಅವರು ಸಣ್ಣ ಸೂಜಿ ಬಳಸಿ, ಆಮೇಲೆ ಆ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೊಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಹಿಂದೆ ಮೊಟ್ಟೆ ಅಲರ್ಜಿ ಇದ್ದವರನ್ನು ದೂರ ಇಡುತ್ತಿದ್ದರು. ಕೊನೆಗೆ ಲಸಿಕೆಯಲ್ಲಿ ಉಳಿಯುವ ಮೊಟ್ಟೆಯ ಅಂಶ ತೀರಾ ಅತ್ಯಲ್ಪ, ಅದರಿಂದ ತೊಂದರೆ ಆಗುವುದಿಲ್ಲ ಅಂತ ಅನುಭವದಿಂದ ಗೊತ್ತಾದ ಮೇಲೆ, 2023ರಿಂದ ಅಮೆರಿಕದಲ್ಲಿ ಮೊಟ್ಟೆ ಅಲರ್ಜಿ ಇದ್ದವರಿಗೆ ಪ್ರತ್ಯೇಕ ಎಚ್ಚರಿಕೆಯೂ ಬೇಡ ಅಂತ ತೀರ್ಮಾನಿಸಿದ್ದಾರೆ. ಆದರೂ ಡಾಕ್ಟರಿಗೆ ಹೇಳಿಯೇ ಹಾಕಿಸಿ. ಇನ್ನು ಅಪ್ಪಟ ಸಸ್ಯಾಹಾರಿ ಮನೆಗಳಲ್ಲಿ ಇದು ನಂಬಿಕೆಯ ಪ್ರಶ್ನೆ. ಹಿರಿಯರಿಗೆ ಈ ವಿಷಯ ಮುಚ್ಚಿಟ್ಟು ಕರೆದುಕೊಂಡು ಹೋಗಬೇಡಿ. ಹೇಗೆ ತಯಾರಾಗುತ್ತದೆ, ಯಾಕೆ ಬೇಕು ಅಂತ ಮೊದಲೇ ಹೇಳಿ, ಅವರೇ ಒಪ್ಪಿಕೊಳ್ಳಲಿ. ಸುಳ್ಳು ಹೇಳಿ ಹಾಕಿಸಿದ ಸೂಜಿಯ ವಿಷಯ ಆಮೇಲೆ ಗೊತ್ತಾದರೆ ಮುಂದೆ ಯಾವ ಔಷಧವನ್ನೂ ನಂಬುವುದಿಲ್ಲ.

"ಲಸಿಕೆಯಿಂದಲೇ ಫ್ಲೂ ಬರುತ್ತೆ" ಅನ್ನುವ ಭಯಕ್ಕೆ ಆಧಾರವಿಲ್ಲ. ಚುಚ್ಚುಮದ್ದಿನಲ್ಲಿ ಇರುವುದು ಸತ್ತ ವೈರಸ್ಸಿನ ತುಣುಕುಗಳು, ಅವು ಬೆಳೆಯಲಾರವು. ತೋಳು ನೋವು, ಸ್ವಲ್ಪ ಮೈಬಿಸಿ, ಮೈಕೈ ನೋವು ಒಂದೆರಡು ದಿನ ಇರಬಹುದು.

ಹಂತ 5: ಯಾವಾಗ?

ವಿದೇಶದ ಲೇಖನ ಓದಿದರೆ "ಅಕ್ಟೋಬರ್‌ನಲ್ಲಿ ಹಾಕಿಸಿ" ಅಂತ ಇರುತ್ತದೆ. ಅದು ಅಮೆರಿಕ, ಯುರೋಪಿನ ಚಳಿಗಾಲದ ಲೆಕ್ಕ. ನಮ್ಮಲ್ಲಿ ಫ್ಲೂ ಮುಖ್ಯವಾಗಿ ಏರುವುದು ಮುಂಗಾರು ಮಳೆಯ ಜೊತೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಏರಿಕೆ ಕಾಣುವುದುಂಟು. ಚೆನ್ನೈ ಕಡೆ ಹಿಂಗಾರಿನ ಅಕ್ಟೋಬರ್-ನವೆಂಬರ್‌ನಲ್ಲಿ ಜಾಸ್ತಿ, ಶ್ರೀನಗರದಲ್ಲಿ ಚಳಿಗಾಲದಲ್ಲಿ. ದೇಶದ ಬೇರೆ ಬೇರೆ ಊರುಗಳ ಲೆಕ್ಕ ನೋಡಿದ ತಜ್ಞರು ಹೆಚ್ಚಿನ ಭಾಗಗಳಿಗೆ ಏಪ್ರಿಲ್-ಮೇ ಸರಿಯಾದ ಕಾಲ ಅಂತ ಹೇಳಿದ್ದಾರೆ.

ಮಳೆನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ಭರಣಿ, ಕೃತ್ತಿಕೆಯ ಹೊತ್ತಿಗೆ ಸೂಜಿ ಆಗಿರಬೇಕು. ಮೃಗಶಿರ ಹುಟ್ಟುವಷ್ಟರಲ್ಲಿ ರಕ್ಷಣೆ ಬಂದಿರುತ್ತದೆ. ಮೊದಲ ಸಲದ ಮಕ್ಕಳಿಗೆ ಏಪ್ರಿಲ್ ಮಧ್ಯದಲ್ಲೇ ಶುರು ಮಾಡಿದರೆ ಶಾಲೆ ತೆರೆಯುವ ಮುಂಚೆ ಎರಡೂ ಡೋಸ್ ಮುಗಿಯುತ್ತವೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗುವ ಮಕ್ಕಳಿದ್ದರೆ ಈ ದಿನಾಂಕಗಳನ್ನು ಮೊದಲೇ ಹೊಂದಿಸಿಕೊಳ್ಳಿ.

ಜುಲೈ ಬಂದುಬಿಟ್ಟಿತು, ಇನ್ನೂ ಹಾಕಿಸಿಲ್ಲ ಅಂದರೆ? ಹಾಕಿಸಿ. ಸೀಸನ್ ಇನ್ನೂ ಎರಡು ತಿಂಗಳಿದೆ. ಬಸುರಿ, ಡಯಾಲಿಸಿಸ್ ರೋಗಿ, ಹೃದ್ರೋಗಿಗಳು "ಮುಂದಿನ ಏಪ್ರಿಲ್ ನೋಡೋಣ" ಅಂತ ಕಾಯುವುದು ಬೇಡ.

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ಅಮ್ಮಂದಿರಿಗೆ ಲೆಕ್ಕ ಬೇರೆ. ಅಲ್ಲಿನ ಸೀಸನ್ ಅಕ್ಟೋಬರ್‌ನಿಂದ ಶುರು. ಹೆರಿಗೆ ಚಳಿಗಾಲದಲ್ಲಿದ್ದರೆ ಹೊರಡುವ ಎರಡು ವಾರ ಮುಂಚೆ ಇಲ್ಲೇ ಆ ವರ್ಷದ ಉತ್ತರ ಗೋಳಾರ್ಧದ ಲಸಿಕೆ ಸಿಕ್ಕರೆ ಹಾಕಿಸಿಕೊಂಡು ಹೋಗಬಹುದು, ಇಲ್ಲದಿದ್ದರೆ ಅಲ್ಲಿ ಇಳಿದ ಕೂಡಲೇ ಫಾರ್ಮಸಿಯಲ್ಲಿ ಕೇಳಬಹುದು. ಕೂಸಿಗೆ ಎಣ್ಣೆ ನೀರು ಹಾಕಿ ದಿನವಿಡೀ ಎತ್ತಿಕೊಳ್ಳುವ ಕೈ ಅವರದ್ದೇ ಆಗಿರುತ್ತದೆ, ಆದ್ದರಿಂದ ಇದನ್ನು ಬಿಡಬೇಡಿ. ಹಜ್‌ಗೆ ಹೊರಡುವ ಹಿರಿಯರಿಗೂ ಮೆನಿಂಜೈಟಿಸ್ ಲಸಿಕೆಯ ಜೊತೆ ಫ್ಲೂ ಲಸಿಕೆ ಕೊಡುವುದು ರೂಢಿ. ಲಕ್ಷಾಂತರ ಜನ ಒಂದೆಡೆ ಸೇರುವ ಜಾಗ ಅದು.

ಹಂತ 6: ಎಲ್ಲಿ, ಎಷ್ಟು ಖರ್ಚು, ಯಾರಿಗೆ ಮೊದಲು

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಮಗುವಿನ ಬಿಸಿಜಿ, ಪೆಂಟಾವೇಲೆಂಟ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಹಾಗೆ ಇದು ಸಿಗುವುದಿಲ್ಲ. ಹೆಚ್ಚಿನವರು ಖಾಸಗಿ ಕ್ಲಿನಿಕ್, ಮಕ್ಕಳ ಆಸ್ಪತ್ರೆ, ದೊಡ್ಡ ಆಸ್ಪತ್ರೆಯ ಲಸಿಕೆ ವಿಭಾಗಕ್ಕೇ ಹೋಗಬೇಕು. ಒಂದು ಡೋಸ್‌ಗೆ ಸಾವಿರದ ಮೇಲೆಯೇ ಖರ್ಚಾಗುತ್ತದೆ, ಎರಡು ಸಾವಿರದ ಆಸುಪಾಸು ಇಟ್ಟುಕೊಂಡು ಹೋಗಿ. ಬ್ರ್ಯಾಂಡ್ ಮೇಲೆ, ಆಸ್ಪತ್ರೆ ಮೇಲೆ ದರ ಬದಲಾಗುತ್ತದೆ. ಫೋನ್ ಮಾಡಿ "ಲಸಿಕೆ ದರ, ಹಾಕುವ ಚಾರ್ಜ್, ಕನ್ಸಲ್ಟೇಶನ್ ಸೇರಿ ಒಟ್ಟು ಎಷ್ಟು?" ಅಂತ ಕೇಳಿ. ಬೆಂಗಳೂರಿನ ಎಷ್ಟೋ ಕಂಪನಿಗಳು ಆಫೀಸಿನಲ್ಲೇ ಕ್ಯಾಂಪ್ ಮಾಡಿಸುತ್ತವೆ, ಮನೆಯವರನ್ನೂ ಸೇರಿಸುತ್ತಾರಾ ಅಂತ ಎಚ್‌ಆರ್ ಹತ್ತಿರ ವಿಚಾರಿಸಿ.

ಐದು ಜನರ ಮನೆಗೆ ಮಗುವಿನ ಎರಡನೇ ಡೋಸ್ ಸೇರಿ ಆರು ಸೂಜಿ ಅಂದರೆ ಸಣ್ಣ ಮೊತ್ತವಲ್ಲ. ಎಲ್ಲರಿಗೂ ಆಗದಿದ್ದರೆ ಎಲ್ಲರಿಗೂ ಬಿಡಬೇಕು ಅಂತೇನಿಲ್ಲ. ಮೇಲಿನ ಮೈಸೂರಿನ ಮನೆಯಲ್ಲಿ ಇಬ್ಬರಿಗೆ ಮಾತ್ರ ದುಡ್ಡಿದ್ದರೆ ನಾನು ಅಜ್ಜನಿಗೂ ಸೊಸೆಗೂ ಹಾಕಿಸುತ್ತೇನೆ. ಮೂರನೆಯದು ಅಜ್ಜಿಗೆ, ಆಮೇಲೆ ಮೊಮ್ಮಗಳಿಗೆ, ಮಗನದ್ದು ಕೊನೆಗೆ. ನಮ್ಮ ಮನೆಗಳಲ್ಲಿ ನಡೆಯುವುದು ಮಾತ್ರ ತಿರುಗಾಮುರುಗಾ: ಮಗುವಿಗೆ ಹಾಕಿಸುತ್ತೇವೆ, ಆಫೀಸ್ ಕ್ಯಾಂಪಿನಲ್ಲಿ ಮಗ ಹಾಕಿಸಿಕೊಳ್ಳುತ್ತಾನೆ, ಅಜ್ಜ-ಅಜ್ಜಿ "ನಮಗೆ ಇನ್ನೆಷ್ಟು ದಿನ, ದುಡ್ಡು ದಂಡ" ಅಂತ ಹಿಂದೆ ಸರಿಯುತ್ತಾರೆ. ಆ ಮಾತನ್ನು ಒಪ್ಪಿಕೊಳ್ಳಬೇಡಿ.

ಹಂತ 7: ಕ್ಲಿನಿಕ್‌ನಲ್ಲಿ ಪೆಟ್ಟಿಗೆ ಕೈಗೆ ತೆಗೆದುಕೊಂಡು ಓದಿ

ಸೂಜಿ ಬಿಚ್ಚುವ ಮುಂಚೆ "ಬಾಕ್ಸ್ ಒಮ್ಮೆ ನೋಡಬಹುದಾ?" ಅಂತ ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ಮೊದಲು ಎಕ್ಸ್‌ಪೈರಿ ನೋಡಿ. ಆಮೇಲೆ ಯಾವ ಸೀಸನ್ ಅಂತ ನೋಡಿ. ದಕ್ಷಿಣ ಗೋಳಾರ್ಧದ್ದಾದರೆ 2025 ಅನ್ನುವ ಹಾಗೆ ಒಂದೇ ವರ್ಷ ಇರುತ್ತದೆ, ಉತ್ತರದ್ದಾದರೆ 2025-2026 ಅಂತ ಎರಡು. ನಮ್ಮ ದೇಶದಲ್ಲಿ ಎರಡೂ ಮಾರಾಟವಾಗುತ್ತವೆ. ಏಪ್ರಿಲ್-ಮೇನಲ್ಲಿ ಆ ವರ್ಷದ ದಕ್ಷಿಣದ್ದು ಬಂದಿದ್ದರೆ ಅದನ್ನೇ ಕೇಳಿ. ಹಿಂದಿನ ಉತ್ತರದ್ದು ಮಾತ್ರ ಉಳಿದಿದ್ದರೆ ಡಾಕ್ಟರ ಹತ್ತಿರ ಮಾತಾಡಿ. ಎಷ್ಟೋ ಸಲ ಎರಡರಲ್ಲೂ ಬಹುಪಾಲು ತಳಿ ಒಂದೇ ಇರುತ್ತದೆ.

ಕೆಳಗೆ ಸಣ್ಣ ಅಕ್ಷರದಲ್ಲಿ ತಳಿಗಳ ಹೆಸರಿರುತ್ತದೆ. 'ಎ/ವಿಕ್ಟೋರಿಯಾ/4897/2022' ಅಂತ ಕಂಡರೆ ಗಾಬರಿಯಾಗಿ "ಇದು 2022ರ ಹಳೇ ಸ್ಟಾಕ್!" ಅನ್ನಬೇಡಿ. ಎ ಅಂದರೆ ವೈರಸ್ ಗುಂಪು, ವಿಕ್ಟೋರಿಯಾ ಅದು ಸಿಕ್ಕ ಜಾಗ, 4897 ಮಾದರಿಯ ಸಂಖ್ಯೆ, 2022 ಆ ಮಾದರಿ ಸಿಕ್ಕ ವರ್ಷ. ಇದೇ ತಳಿ 2025ರ ದಕ್ಷಿಣ ಗೋಳಾರ್ಧದ ಲಸಿಕೆಯಲ್ಲೂ ಇತ್ತು. ತಯಾರಾದ ದಿನಾಂಕ ಬೇರೆ ಕಡೆ ಅಚ್ಚಾಗಿರುತ್ತದೆ, ಅದನ್ನು ನೋಡಿ.

ಮೂರು ತಳಿಯ ಲಸಿಕೆ, ನಾಲ್ಕು ತಳಿಯ ಲಸಿಕೆ ಅಂತ ಎರಡು ಬಗೆ ಇವೆ. ನಾಲ್ಕು ಇದ್ದರೆ ಜಾಸ್ತಿ ಒಳ್ಳೆಯದು ಅಂತ ಈಗ ಹೇಳುವಂತಿಲ್ಲ. ನಾಲ್ಕನೆಯದಾದ ಬಿ/ಯಮಗಾಟ ವೈರಸ್ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಅದನ್ನು ಕೈಬಿಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2023ರಲ್ಲಿ ಹೇಳಿದರು. ಮೂರರದ್ದು ಸಿಕ್ಕರೆ ಧೈರ್ಯವಾಗಿ ಹಾಕಿಸಿ, ಸುಮ್ನೆ ಊರೆಲ್ಲ ಅಲೆಯಬೇಡಿ.

ಸಣ್ಣ ಊರುಗಳಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟು ಮೆಡಿಕಲ್ ಶಾಪಿನಿಂದ ತರಲು ಹೇಳುತ್ತಾರೆ. ಇಲ್ಲಿ ಎಚ್ಚರ ಬೇಕು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಕರಗಿಸಿ ಹಾಕುವಂತಿಲ್ಲ, ಎಸೆಯಬೇಕು. ಅಂಗಡಿಯಲ್ಲಿ ಅದನ್ನು ಫ್ರಿಜ್‌ನಿಂದ ತೆಗೆದರಾ, ಶೆಲ್ಫ್‌ನಿಂದ ತೆಗೆದರಾ ನೋಡಿ. ಕರೆಂಟ್ ಹೋದಾಗ ಬ್ಯಾಕಪ್ ಇದೆಯಾ ಕೇಳಿ. ಐಸ್‌ಪ್ಯಾಕ್ ಜೊತೆ ಕಟ್ಟಿಸಿ, ಆದರೆ ಪೆಟ್ಟಿಗೆ ಐಸ್‌ಗೆ ನೇರ ತಾಗದಂತೆ ಮಧ್ಯೆ ಕಾಗದ ಇರಲಿ. ಹಿಂದಿನ ದಿನವೇ ತಂದು ಮನೆಯ ಫ್ರೀಜರ್‌ನಲ್ಲಿ ಇಡಬೇಡಿ. ಡಾಕ್ಟರು ಕೂತಿರುವ ಹೊತ್ತಿಗೆ ತಂದು ನೇರವಾಗಿ ಅವರ ಕೈಗೆ ಕೊಡಿ.

ದೊಡ್ಡವರಿಗೆ ತೋಳಿನ ಮೇಲ್ಭಾಗಕ್ಕೆ, ಕೂಸುಗಳಿಗೆ ತೊಡೆಗೆ ಹಾಕುತ್ತಾರೆ. ಕೂತುಕೊಂಡೇ ಹಾಕಿಸಿಕೊಳ್ಳಿ, ಸೂಜಿ ಕಂಡರೆ ತಲೆ ಸುತ್ತುವವರು ಮಲಗಿಕೊಳ್ಳಿ. ಆಮೇಲೆ 15ರಿಂದ 30 ನಿಮಿಷ ಅಲ್ಲೇ ಇರಿ, ವಿರಳವಾಗಿ ಬರುವ ತೀವ್ರ ಅಲರ್ಜಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಷ್ಟರೊಳಗೆ. ಕೋವಿಡ್ ಅಥವಾ ನ್ಯುಮೋನಿಯಾ ಲಸಿಕೆ ಬಾಕಿ ಇದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.

ಹೊರಡುವ ಮುಂಚೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ದಿನಾಂಕ ಬರೆಸಿಕೊಳ್ಳಿ. ಗರ್ಭಿಣಿಯಾದರೆ ತಾಯಿ ಕಾರ್ಡ್‌ನಲ್ಲಿ, ಮಗುವಾದರೆ ಲಸಿಕೆ ಪುಸ್ತಕದಲ್ಲಿ. ಪೆಟ್ಟಿಗೆಯ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರೂ ಆಯಿತು. ಮಗುವಿನ ಎರಡನೇ ಡೋಸ್ ದಿನವನ್ನು ಅಲ್ಲೇ ನಿಂತು ಫೋನ್‌ನಲ್ಲಿ ಅಲಾರಂ ಇಡಿ.

ಹಂತ 8: ಲಸಿಕೆಯಾದ ಮೇಲೂ ಜ್ವರ ಬಂದರೆ

ತೋಳು ನೋವಿಗೆ ತಣ್ಣೀರ ಬಟ್ಟೆ, ಬೇಕಿದ್ದರೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಮೂರು ದಿನ ದಾಟಿದರೂ ಜ್ವರ ಇದ್ದರೆ ಅದನ್ನು ಸೂಜಿಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಅದು ಡೆಂಗಿಯೋ ಇನ್ನೊಂದೋ ಆಗಿರಬಹುದು, ತೋರಿಸಿ.

ಮಳೆಗಾಲದಲ್ಲಿ ಫ್ಲೂ ಲಕ್ಷಣ ಕಂಡರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಬೇಡಿ, ಅದು ವೈರಸ್ಸಿಗೆ ನಾಟುವುದಿಲ್ಲ. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ಇದನ್ನೇ ಸಾರಿ ಹೇಳಿತ್ತು. ಫ್ಲೂಗೆ ಒಸೆಲ್ಟಾಮಿವಿರ್ ಅನ್ನುವ ಮಾತ್ರೆ ಇದೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಆದರೆ ಹಂತ 2ರ ಪಟ್ಟಿಯಲ್ಲಿ ಮೇಲೆ ಬರೆದವರಿಗೆ ಜ್ವರ ಬಂದರೆ "ಎರಡು ದಿನ ನೋಡೋಣ" ಅನ್ನದೆ ಮೊದಲ ದಿನವೇ ಡಾಕ್ಟರಿಗೆ ತೋರಿಸಿ, ಲಸಿಕೆ ಆಗಿದ್ದರೂ ಸರಿ. ಹಾಕಿಸಿದ ದಿನಾಂಕವನ್ನೂ ಹೇಳಿ.

ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ತುಟಿ-ಉಗುರು ನೀಲಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಗು ಹಾಲು ಕುಡಿಯದೆ ಬಿಟ್ಟರೆ, ಉಸಿರಾಡುವಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ ಆಗಲೂ ಅಷ್ಟೇ, ತಕ್ಷಣ ಹೊರಡಿ.